ಮಲ್ಲು, ಬಯಲಿನಲ್ಲಿ ನೋಡುವುದು ಏನಿದೆ ಎಂದು ಕೇಳಿದ್ದೆಯಲ್ಲ

ಪ್ರೀತಿಯ ಮಲ್ಲು,

ಹೋದ ಸಲ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಲ್ಲೋ ದೋಸ್ತ, ಅಷ್ಟು ದೂರ ಹೋಗಿ ಮತ್ತ ನಮ್ಮ ಎರಿಹೊಲದಂಥಾ ಬಯಲಾಗ ಸೈಕಲ್ ಹೊಡಿಯಾಕತ್ತೀಯಲ್ಲ, ಗುಡ್ಡ ಇಲ್ಲ, ಗಿಡ ಇಲ್ಲ, ಅದರಾಗ ನೋಡೂದು ಏನೈತಿ?" ಆಗ ಕೆಲಸದ ನಡುವೆ ಇದ್ದೆ, ಸರಿಯಾಗಿ ಹೇಳಲು ಆಗಲಿಲ್ಲ. ಮೊನ್ನೆ ಶನಿವಾರ ಕೇಂಬ್ರಿಜ್‌ನಿಂದ ಈಲಿ ಊರಿಗೆ ಸೈಕಲ್ ಮೇಲೆ ಹೋದೆ. ದಾರಿಯುದ್ದಕ್ಕೂ ನೀನು ಹಿಂದಿನ ಕ್ಯಾರಿಯರ್ ಮೇಲೆ ಕೂತು ಅದನ್ನೇ ಕೇಳುತ್ತಿದ್ದ ಹಾಗಿತ್ತು. ಈಗ ಪುರುಸೊತ್ತಾಗಿ ಕೂತು ಬರೆಯುತ್ತಿದ್ದೇನೆ.

ರೈಲಿನಲ್ಲಾದರೆ ಈಲಿಗೆ ಕಾಲು ಗಂಟೆ ಸಾಕು. ನಾನು ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಮುಟ್ಟಿದೆ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು, ಒಂದು ಹೆಚ್ಚಿನ ಟ್ಯೂಬು. ಹೋಗುವ ದಿಕ್ಕನ್ನು ಮಾತ್ರ ಯೋಚಿಸಿ ಆರಿಸಬೇಕು. ಇಲ್ಲಿ ಹೆಚ್ಚಾಗಿ ಗಾಳಿ ಬೀಸುವುದು ನೈಋತ್ಯದಿಂದ. ಆದ್ದರಿಂದ ಕೇಂಬ್ರಿಜ್‌ನಿಂದ ಈಶಾನ್ಯದ ಈಲಿಗೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುವುದು, ಬರುವಾಗ ಸೈಕಲ್ಲನ್ನು ರೈಲಿಗೆ ಏರಿಸುವುದು. ಆಷಾಢದ ಗಾಳಿಗೆ ಎದುರಾಗಿ ರೋಣದ ರಸ್ತೆಯಲ್ಲಿ ಪೆಡಲ್ ತುಳಿದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೆಲಕ್ಕೆ ಫೆನ್ ಎನ್ನುತ್ತಾರೆ. ನಾನೂರು ವರ್ಷಗಳ ಹಿಂದೆ ಇದು ಬಯಲೇ ಅಲ್ಲ, ಜೌಗು. ಜೊಂಡು, ನೀರು, ಹಾವುಮೀನು, ಕಾಡುಬಾತು. ಅಲ್ಲಲ್ಲಿ ದ್ವೀಪದಂತೆ ಎದ್ದ ದಿಬ್ಬಗಳ ಮೇಲೆ ಊರು. ಈಲಿ ಅಂಥ ಒಂದು ದ್ವೀಪ. ಅದಕ್ಕೆ ಹೆಸರು ಬಂದದ್ದೂ ಹಾವುಮೀನಿನಿಂದಲೇ, ಇಂಗ್ಲಿಷಿನಲ್ಲಿ ಅದಕ್ಕೆ ಈಲ್ ಎನ್ನುತ್ತಾರೆ. 1630ರಲ್ಲಿ ಬೆಡ್‌ಫರ್ಡ್‌ನ ಅರ್ಲ್ ಎಂಬ ಬಿರುದಿನ ಫ್ರಾನ್ಸಿಸ್ ರಸೆಲ್ ಮತ್ತವನ ಜೊತೆಗಾರ ಬಂಡವಾಳಗಾರರು ಇದನ್ನು ಒಣಗಿಸಿ ಹೊಲ ಮಾಡಲು ಮುಂದಾದರು. ಕೆಲಸ ಮಾಡಿಸಿದವನು ಡಚ್ ಎಂಜಿನಿಯರ್ ಕಾರ್ನೇಲಿಯಸ್ ವರ್ಮೈಡನ್. 1637ರ ಹೊತ್ತಿಗೆ ಓಲ್ಡ್ ಬೆಡ್‌ಫರ್ಡ್ ಎಂಬ ನದಿಯನ್ನೇ ಸುಮಾರು 34 ಕಿ.ಮೀ. ದೂರ ನೇರವಾಗಿ ತೋಡಿಸಿದ. ಮೀನು ಹಿಡಿದು, ಜೊಂಡು ಕೊಯ್ದು ಬದುಕುತ್ತಿದ್ದ ಜನ ಹೊಟ್ಟೆಗೆ ಪೆಟ್ಟು ಬಿದ್ದು ಒಡ್ಡುಗಳನ್ನು ಒಡೆದರು. ಅವರಿಗೆ 'ಫೆನ್ ಟೈಗರ್ಸ್' ಎಂದು ಹೆಸರಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಕೇಂಬ್ರಿಜ್ ದಾಟಿ ಒಂದು ತಾಸಿಗೆ ಲೋಡ್ಸ್ ವೇ ಎಂಬ ಸೈಕಲ್ ದಾರಿ ಸಿಗುತ್ತದೆ. ಲೋಡ್ ಎಂದರೆ ಮನುಷ್ಯರು ತೋಡಿದ ಹಳೆಯ ಕಾಲುವೆ. ರೀಚ್ ಲೋಡ್ ರೋಮನ್ನರ ಕಾಲದ್ದಿರಬೇಕು ಎನ್ನುತ್ತಾರೆ. ದಾರಿ ಸಪಾಟಾಗಿ ಹೋಗಿ ಒಂದು ಕಡೆ ಥಟ್ಟನೆ ಏರುತ್ತದೆ, ಅದೇ ಕಾಲುವೆಯ ಒಡ್ಡು. ಇಳಿದು ಸೈಕಲ್ ತಳ್ಳಿಕೊಂಡು ಮೇಲೆ ಹೋಗಿ ನಿಂತೆ. ಮಲ್ಲು, ಇದನ್ನು ನೀನು ಕಣ್ಣಿಂದ ನೋಡಬೇಕು. ಒಂದು ಬದಿಗೆ ಅಂಚಿನ ತನಕ ತುಂಬಿದ ನೀರು. ಇನ್ನೊಂದು ಬದಿಗೆ ಹೊಲ, ನೀರಿಗಿಂತ ಎಷ್ಟೋ ಕೆಳಗೆ. ಕೆಳಗಿಳಿದು ಹೊಲದ ದಾರಿಯಲ್ಲಿ ನಿಂತರೆ ದೋಣಿಯೊಂದು ತಲೆಯ ಮಟ್ಟದಲ್ಲಿ ಹೋಗುವುದು ಕಾಣುತ್ತದೆ. ನಮ್ಮಲ್ಲಿ ಹಳ್ಳ ಯಾವಾಗಲೂ ಹೊಲದ ಕೆಳಗೆ. ಬೆಣ್ಣೆಹಳ್ಳ ಉಕ್ಕಿದಾಗಲೂ ಅದು ಕೆಳಗಿನಿಂದ ಮೇಲೆ ಬರುವ ನೀರು. ಇಲ್ಲಿ ಹೊಳೆ ಮೇಲೆ, ಉಳುವ ನೆಲ ಕೆಳಗೆ.

ಹೊಳೆಯನ್ನು ಯಾರೂ ಮೇಲಕ್ಕೆ ಎತ್ತಲಿಲ್ಲ, ನೆಲವೇ ಕೆಳಗೆ ಹೋಯಿತು. ಇಲ್ಲಿಯ ಕಪ್ಪು ಮಣ್ಣು ನಮ್ಮ ಎರೆಯಂತೆ ಜೇಡಿಯಲ್ಲ. ಸಾವಿರಾರು ವರ್ಷ ನೀರೊಳಗೆ ಕೊಳೆಯದೆ ಉಳಿದ ಜೊಂಡು, ಬೇರು, ಎಲೆ, ಪೀಟ್ ಎನ್ನುತ್ತಾರೆ. ನೀರು ತೆಗೆದಾಗ ಅದು ಕುಗ್ಗುತ್ತದೆ. ಗಾಳಿ ತಾಗಿದಾಗ ಅಷ್ಟು ವರ್ಷ ನಿಂತಿದ್ದ ಕೊಳೆಯುವಿಕೆ ಶುರುವಾಗಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿದದ್ದನ್ನು ಬೇಸಿಗೆಗೆ ಮುಂಚಿನ ಒಣಗಾಳಿ ಎತ್ತಿಕೊಂಡು ಹೋಗುತ್ತದೆ. ಅದಕ್ಕೆ ಫೆನ್ ಬ್ಲೋ ಎಂದೇ ಹೆಸರು. ನೆಲ ಕುಸಿದಂತೆ ನೀರೆತ್ತಲು ಮೊದಲು ಗಾಳಿಯಂತ್ರ, ಆಮೇಲೆ ಹಬೆಯಂತ್ರ, ಡೀಸೆಲ್, ಈಗ ಕರೆಂಟು. ಸ್ಟ್ರೆಟಮ್ ಎಂಬಲ್ಲಿ 1831ರ ಹಬೆಯಂತ್ರ ಈಗಲೂ ನಿಂತಿದೆ. ಹೆಚ್ಚು ಎತ್ತಿದಷ್ಟೂ ನೆಲ ಇನ್ನಷ್ಟು ಇಳಿಯಿತು.

ಹೋದ ವರ್ಷ ಪೀಟರ್‌ಬರೋ ಕಡೆಯಿಂದ ಹೋಮ್ ಫೆನ್‌ಗೆ ಹೋಗಿದ್ದೆ. ಅಲ್ಲಿ ವಿಟ್ಲ್‌ಸೀ ಎಂಬ ದೊಡ್ಡ ಸರೋವರವನ್ನು 1851ರಲ್ಲಿ ಬತ್ತಿಸಿದರು. ನೆಲ ಎಷ್ಟು ಇಳಿಯುತ್ತದೆ ನೋಡೋಣವೆಂದು ಒಂದು ಕಬ್ಬಿಣದ ಕಂಬವನ್ನು ತುದಿ ನೆಲದ ಮಟ್ಟಕ್ಕೆ ಬರುವಂತೆ ಹೂತರು. ಈಗ ಆ ಕಂಬ ಸುಮಾರು 4 ಮೀಟರ್ ಹೊರಗಿದೆ. ಸೈಕಲ್ಲನ್ನು ಬರ್ಚ್ ಮರಕ್ಕೆ ಒರಗಿಸಿ ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ. ಒಂದು ಕಾಲಕ್ಕೆ ಮನುಷ್ಯ ಕಾಲೂರಿ ನಡೆದ ನೆಲ ನನ್ನ ತಲೆಯ ಮೇಲೆ ಅಷ್ಟು ಎತ್ತರದಲ್ಲಿತ್ತು. ಆ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 2.75 ಮೀಟರ್ ಕೆಳಗೆ, ಬ್ರಿಟನ್ನಿನಲ್ಲೇ ಎಲ್ಲಕ್ಕಿಂತ ತಗ್ಗು. ತುಂಬ ಹೊತ್ತು ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಮೊನ್ನೆಯೂ ಹೊಲದ ಅಂಚಿಗೆ ಕೂತು ಒಂದು ಬೊಗಸೆ ಮಣ್ಣು ಎತ್ತಿಕೊಂಡೆ. ಚಹಾಪುಡಿಯ ಹಾಗೆ ಹಗುರ. ನಿನಗೆ ನೆನಪಿದೆಯಲ್ಲ, ಬಾಡಿಗೆ ಸೈಕಲ್ ತಂದು ಹೊಲಕ್ಕೆ ಹೋಗಿ ಮಳೆಗೆ ಸಿಕ್ಕ ದಿನ? ಎರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡ್ ತುಂಬಿ, ಗಾಲಿ ತಿರುಗದೆ, ತೊಗರಿ ಕಟ್ಟಿಗೆಯಿಂದ ಕೆರೆದು ಕೆರೆದು ಸಾಕಾಗಿ ಕಡೆಗೆ ಇಬ್ಬರೂ ಸೈಕಲ್ ಹೆಗಲಿಗೆ ಹೊತ್ತು ಬಂದೆವು. ನಮ್ಮ ಎರೆ ಹಿಡಿದರೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟರೂ ಮಳೆ ಬಿದ್ದ ಮೇಲೆ ಕೂಡಿಕೊಳ್ಳುತ್ತದೆ. ಇದು ಕೈಯಲ್ಲೇ ನಿಲ್ಲುವುದಿಲ್ಲ, ಬೆರಳ ಸಂದಿಯಿಂದ ಜಾರಿ ಗಾಳಿಗೆ ಹೋಯಿತು. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಹೀಗೇ ಹೋಗುತ್ತಿದೆ. ನಿಮ್ಮ ಕಾಕಾನ ಹೊಲ ಕಾಲುವೆ ನೀರು ಹೆಚ್ಚಾಗಿ ಸವಳು-ಜವಳಾದಾಗ ನೀನು ಅತ್ತದ್ದು ನೋಡಿದವನು ನಾನು. ಇಲ್ಲಿ ನೀರು ತೆಗೆದು ಹೊಲ ಹೋಗುತ್ತಿದೆ. ಆಲೂಗಡ್ಡೆ, ಬೀಟ್, ಸೆಲರಿ, ಸೊಪ್ಪು ಬೆಳೆಯುವ, ಇಂಗ್ಲೆಂಡಿನ ಅತಿ ಉತ್ತಮ ಭೂಮಿ ಇದು. ಬೆಳೆ ನೋಡಿದಾಗ ಸಂತೋಷವೂ ಆಗುತ್ತದೆ, ಸಂಕಟವೂ.

ರಸ್ತೆಗಳಲ್ಲೂ ಇದು ಗೊತ್ತಾಗುತ್ತದೆ. ನೋಡಲು ಗೆರೆ ಎಳೆದಂತೆ ನೇರ, ಸೈಕಲ್ ಮೇಲೆ ಹೋದರೆ ಅಲೆ ಅಲೆ. ಅಡಿಯ ಪೀಟ್ ಒಂದೊಂದು ಕಡೆ ಒಂದೊಂದು ತೆರನಾಗಿ ಕುಗ್ಗಿದೆ. ಕೆಲವು ಹಳೆಯ ಮನೆಗಳು ಒಂದು ಬದಿಗೆ ವಾಲಿವೆ. ಕಾರಿನವರಿಗೆ ಇದು ಬರೀ ಕುಲುಕಾಟ. ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ಹೋಗುವವನಿಗೆ ಪ್ರತಿ ಏರಿಳಿತವೂ ಕಾಲಿಗೆ ತಿಳಿಯುತ್ತದೆ.

ಮಧ್ಯಾಹ್ನಕ್ಕೆ ಸ್ವಲ್ಪ ಬಳಸಿ ಅಪ್‌ವೇರ್‌ಗೆ ಹೋದೆ. ಕ್ಯಾಮ್ ನದಿಯ ದಂಡೆಗೆ ಒಂದು ಹೋಟೆಲಿದೆ, ಹೆಸರು 'ಫೈವ್ ಮೈಲ್ಸ್ ಫ್ರಮ್ ಎನಿವೇರ್, ನೋ ಹರಿ ಇನ್'. ಎಲ್ಲಿಂದಲೂ ಐದು ಮೈಲಿ, ಗಡಿಬಿಡಿ ಬೇಡ! ಬೋರ್ಡಿನ ಮಾತು ಕೇಳಿ ಒಂದೂವರೆ ತಾಸು ದಂಡೆಯ ಹುಲ್ಲಿನ ಮೇಲೆ ಅಡ್ಡಾದೆ. ರೊಟ್ಟಿ ಮುರಿದು ತಿಂದೆ. ಎಲ್ಲೋ ಕುಕ್ಕೂ ಕೂಗುತ್ತಿತ್ತು.

ಅಲ್ಲಿಂದ ವಿಕನ್ ಫೆನ್ ದೂರವಿಲ್ಲ. ಒಣಗಿಸದೆ ಉಳಿದ ತುಣುಕು ಅದು. ಇಂಥ ಜಾಗಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1899ರಲ್ಲಿ ಅಲ್ಲಿ ಮೊದಲ ಪಟ್ಟಿ ನೆಲ ಕೊಂಡು ಕಾಪಾಡಿತು. ಒಳಗೆ ಕಾಲಿಟ್ಟ ಕೂಡಲೇ ಹಳೆಯ ಫೆನ್ ಹೇಗಿತ್ತು ಎಂಬುದು ವಾಸನೆಯಿಂದಲೇ ತಿಳಿಯುತ್ತದೆ. ಆಳೆತ್ತರದ ಜೊಂಡು, ಅದರ ಸರಸರ, ಮೇಲೆ ನಿಧಾನಕ್ಕೆ ತೇಲುವ ಮಾರ್ಷ್ ಹ್ಯಾರಿಯರ್. ನಮ್ಮ ಗದಗ ಸೀಮೆಯ ಮಾಗಡಿ ಕೆರೆಯ ಮೇಲೆ ನಾವು ನೋಡುತ್ತಿದ್ದೆವಲ್ಲ, ಅದೇ ಹಕ್ಕಿ. ಅಲ್ಲೊಂದು ಮರದ ಗಾಳಿಯಂತ್ರವಿದೆ, ಈ ಸೀಮೆಯಲ್ಲಿ ಆ ಬಗೆಯದು ಉಳಿದಿರುವುದು ಅದೊಂದೇ. ಒಂದು ಕಾಲಕ್ಕೆ ಜೌಗಿನಿಂದ ನೀರೆತ್ತಿ ಹೊರಗೆ ಹಾಕಲು ಕಟ್ಟಿದ್ದು. ಈಗ ಅದೇ ಯಂತ್ರ ನೀರನ್ನು ಒಳಗೆ ಎತ್ತಿ ಫೆನ್ ಒಣಗದಂತೆ ನೋಡಿಕೊಳ್ಳುತ್ತದೆ. ಅದರ ರೆಕ್ಕೆಗಳ ಕೆಳಗೆ ನಿಂತಾಗ ಗಂಟಲು ಕಟ್ಟಿಬಂತು ಮಲ್ಲು.

ಚಳಿಗಾಲಕ್ಕೆ ಇಲ್ಲಿಂದ ಉತ್ತರಕ್ಕೆ ವೆಲ್ನಿಯ ನೀರು ನಿಂತ ಹುಲ್ಲುಗಾವಲಿಗೆ ಐಸ್‌ಲ್ಯಾಂಡ್‌ನಿಂದ, ರಷ್ಯಾದ ಉತ್ತರ ತುದಿಯಿಂದ ಹಂಸಗಳು ಬರುತ್ತವೆ. ಮಾಗಡಿಗೆ ಪಟ್ಟೆತಲೆ ಹೆಬ್ಬಾತು ಬರುವ ಹಾಗೆಯೇ. ಅದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.

ವಿಕನ್ ಬಿಟ್ಟು ಸ್ವಲ್ಪ ಹೊತ್ತಿಗೆ ಈಲಿಯ ಕ್ಯಾಥೆಡ್ರಲ್, ಅಂದರೆ ದೊಡ್ಡ ಚರ್ಚು, ಕಾಣಲು ಶುರುವಾಯಿತು. 'ಫೆನ್‌ಗಳ ಹಡಗು' ಎಂದು ಕರೆಯುತ್ತಾರೆ. ಹಸಿರಿನ ಮೇಲೆ ತೇಲುತ್ತ ನಿಂತಂತೆಯೇ ಇದೆ. ಗುಡ್ಡಗಾಡಿನಲ್ಲಾದರೆ ತಿರುವಿನಲ್ಲಿ ಎದುರಾಗಿ ತಿರುವಿನಲ್ಲೇ ಮರೆಯಾಗುತ್ತಿತ್ತು. ಇಲ್ಲಿ ತಾಸುಗಟ್ಟಲೆ ಕಣ್ಣ ಮುಂದೆ. ಮೊದಲು ಬೆರಳುಗುರಿನಷ್ಟು, ಆಮೇಲೆ ಗೋಪುರ, ಆಮೇಲೆ ಕಿಟಕಿಗಳು. ಒಮ್ಮೆ ರಸ್ತೆಯ ಬಲಕ್ಕೆ ಬಂತು, ಒಮ್ಮೆ ಎಡಕ್ಕೆ. ಗದಗಿನಿಂದ ಹಿಂದಿರುಗುವಾಗ ಊರ ಗುಡಿಯ ಶಿಖರ ಕಂಡರೆ ಇನ್ನೇನು ಬಂದೆವು ಎಂದು ಜೋರಾಗಿ ತುಳಿಯುತ್ತಿದ್ದೆವಲ್ಲ, ಇಲ್ಲಿ ನನಗೆ ಬೇಗ ಮುಟ್ಟಬೇಕು ಅನಿಸಲಿಲ್ಲ.

ಒಳಗೆ ತಲೆಯೆತ್ತಿದರೆ ಎಂಟು ಮೂಲೆಯ ಬೆಳಕಿನ ಗೋಪುರ. ಇದ್ದ ನಡುಗೋಪುರ 1322ರಲ್ಲಿ ಕುಸಿದ ಮೇಲೆ ದೊಡ್ಡ ದೊಡ್ಡ ಓಕ್ ತೊಲೆಗಳಿಂದ ಕಟ್ಟಿದ್ದು. ಹಿಂದೊಮ್ಮೆ, 2022ರಲ್ಲಿ, ಬಂದಾಗ ನಾನು ಹೆಚ್ಚು ಹೊತ್ತು ನಿಂತದ್ದು ಆಗ ಇಲ್ಲಿ ಇಟ್ಟಿದ್ದ ಒಂದು ಮೇಜಿನ ಮುಂದೆ. ಸುಮಾರು 5000 ವರ್ಷಗಳ ಹಿಂದೆ ಜೌಗಿನಲ್ಲಿ ಬಿದ್ದ ಓಕ್ ಮರ, 2012ರಲ್ಲಿ ಫೆನ್ ಹೊಲವೊಂದರಲ್ಲಿ ಸಿಕ್ಕಿದ್ದು. ಪೀಟ್‌ನೊಳಗೆ ಕೊಳೆಯದೆ ಇದ್ದಿಲಿನಂತೆ ಕಪ್ಪಾಗಿದೆ. ಹಲಗೆಗಳಾಗಿ ಸೀಳಿ 13 ಮೀಟರ್ ಉದ್ದದ ಮೇಜು ಮಾಡಿದ್ದಾರೆ. ಮೇಲೆ ಅಂಗೈ ಇಟ್ಟೆ. ನುಣುಪು, ತಂಪು. ಆ ಸಲವೂ ನನ್ನ ಉಗುರಿನಲ್ಲಿ ದಾರಿಯ ಮಣ್ಣು ಇತ್ತು, ಅದೇ ಬಣ್ಣ.

ನೀನು ಸೆಪ್ಟೆಂಬರಿಗೆ ಮಗಳನ್ನು ಬಿಡಲು ಬರುವುದು ಖಾತ್ರಿ ತಾನೆ? ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡು ಬಾ. ನಿನಗೆಂದು ಒಂದು ಹಳೆಯ ಸೈಕಲ್ ತಂದು ಟೈರು, ಚೈನು ಬದಲಿಸಿ ಇಟ್ಟಿದ್ದೇನೆ. ಗೇರಿದೆ, ಆದರೆ ಬೇಕಾಗುವುದಿಲ್ಲ. ಅವ್ವನ ಕೈಯ ಶೇಂಗಾ ಚಟ್ನಿ ಮರೆಯದೆ ತಾ, ನನ್ನದು ಮುಗಿಯುತ್ತ ಬಂದಿದೆ. ನಿನ್ನ ಕಾಲಿನ ಅಳತೆ ಬರೆದು ಕಳಿಸು, ಸೀಟು ಹೊಂದಿಸುತ್ತೇನೆ.

ನಿನ್ನ
ದೋಸ್ತ