ಮಿಶನ್ ಸಾಲಿಯ ರಿಜಿಸ್ಟರ್‌ಗಳನ್ನು ಸುಣ್ಣ ಬಳಿಯುವ ಮೊದಲು ಎತ್ತಿಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆಯ ವಾರ ಹಳ್ಳಿಯ ಶಾಲೆಗಳಲ್ಲಿ ಗಡಿಬಿಡಿಯೋ ಗಡಿಬಿಡಿ. ಗೋಡೆಗೆ ಸುಣ್ಣ, ಕರಿಹಲಗೆಗೆ ಬಣ್ಣ, ಒಡೆದ ಹಂಚು ಬದಲಿಸುವ ಕೆಲಸ. ಸುಣ್ಣದವರು ಬರುವ ಮೊದಲು ಕಪಾಟು ಖಾಲಿ ಮಾಡಿ ಎಲ್ಲವನ್ನೂ ಅಂಗಳದಲ್ಲಿ ರಾಶಿ ಹಾಕುತ್ತಾರೆ. ಆ ರಾಶಿಯಲ್ಲಿದ್ದ ಹಳೆಯ ಪುಸ್ತಕಗಳೆಲ್ಲ ತಿರುಗಿ ಕಪಾಟಿಗೆ ಹೋಗುವುದಿಲ್ಲ. ಗೆದ್ದಲು ಹಿಡಿದದ್ದು ಒಲೆಗೆ, ಉಳಿದದ್ದು ರದ್ದಿಯವನ ತಕ್ಕಡಿಗೆ. ಯಾವ ಶಾಲೆಯಲ್ಲಿ ಹೀಗಾದರೂ ನಷ್ಟವೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ ಹಳ್ಳಿಗಳಲ್ಲಿ ನಡೆಸಿದ ಹಳೆಯ ಶಾಲೆಗಳಲ್ಲಿ ಹೀಗಾದರೆ ಕರ್ನಾಟಕದ ಶಿಕ್ಷಣದ ಚರಿತ್ರೆಯ ಮೂಲ ಸಾಕ್ಷಿಯೇ ಹೋದಂತೆ. ಆ ಪುಸ್ತಕಗಳನ್ನು ಗುರುತಿಸುವುದು, ಓದುವುದು, ಉಳಿಸುವುದು ಹೇಗೆ ಎಂಬುದನ್ನು ನಿಮ್ಮ ಓದುಗರಿಗೆ ವಿವರವಾಗಿ ತಿಳಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇವೆ.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್‌ನಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣೆಗಳಾದವು. ಠಾಣೆ ಎಂದರೆ ಪ್ರಾರ್ಥನೆಯ ಮನೆಯೊಂದೇ ಅಲ್ಲ, ಅದರ ಮಗ್ಗುಲಲ್ಲಿ ಶಾಲೆ ಇರಲೇಬೇಕು. ನಂಬಿಗೆಗೆ ಬಂದವರು ಸತ್ಯವೇದವನ್ನು (ಬೈಬಲನ್ನು) ತಾವೇ ಓದಬೇಕೆಂಬುದು ಪ್ರೊಟೆಸ್ಟಂಟ್ ಸಭೆಗಳ ಮೂಲ ನಿಯಮ. ಹೀಗಾಗಿ ಸಣ್ಣ ಹಳ್ಳಿಯ ಉಪದೇಶಿಯೇ ಅಲ್ಲಿಯ ಮಾಸ್ತರನೂ ಆಗುತ್ತಿದ್ದ. ಜನ ಅದನ್ನು ‘ಪಾದ್ರಿ ಸಾಲಿ’, ‘ಮಿಶನ್ ಸಾಲಿ’ ಎಂದು ಕರೆದರು.

ಈ ಶಾಲೆಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ವಾದ ಏಳುತ್ತದೆ. ಒಂದು ಕಡೆಯವರು ಮತಾಂತರದ ಮಾತೆತ್ತುತ್ತಾರೆ. ಇನ್ನೊಂದು ಕಡೆಯವರು 1843ರ ಜುಲೈ 1ರಂದು ಮಿಶನ್ನಿನ ಮೋಗ್ಲಿಂಗ್ ಹೊರಡಿಸಿದ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನೂ ಮಿಶನ್ನಿನವನೇ ಆದ ಕಿಟ್ಟೆಲ್‌ನ 1894ರ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಮುಂದಿಡುತ್ತಾರೆ. ಎರಡೂ ಸತ್ಯವೇ. ಮತಪ್ರಚಾರ ತಮ್ಮ ಉದ್ದೇಶ ಎಂಬುದನ್ನು ಮಿಶನ್ನಿನವರು ಎಂದೂ ಮುಚ್ಚಿಡಲಿಲ್ಲ, ತಮ್ಮ ವರದಿಗಳಲ್ಲಿ ತಾವೇ ಬರೆದುಕೊಂಡರು. ಆದರೆ ಊರಿನವರು ಆ ಶಾಲೆಯಿಂದ ಏನು ಪಡೆದರು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಬಾಸೆಲ್ಲಿನ ವರದಿಗಳಲ್ಲಿ ಪೂರ್ತಿ ಉತ್ತರ ಸಿಗದು. ಅವು ಯುರೋಪಿನಲ್ಲಿ ಹಣ ಕೊಡುವವರು ಓದಲೆಂದು ಬರೆದವು. ಕೈಬರಹದ ಪತ್ರಗಳಂತೂ ಹಳೆಯ ಜರ್ಮನ್ ಮೋಡಿ (ಕೂಡುಬರಹ) ಅಕ್ಷರದಲ್ಲಿವೆ, ಇಂದಿನ ಜರ್ಮನರಿಗೇ ಸಲೀಸಾಗಿ ಓದಲು ಬರುವುದಿಲ್ಲ. ನೇಕಾರ ಓಣಿಯ ಅಥವಾ ಹೊಲಗೇರಿಯ ಹುಡುಗನೊಬ್ಬ ಯಾವ ದಿನ ಶಾಲೆಗೆ ಬಂದ, ಎಷ್ಟನೆಯ ಇಯತ್ತೆಗೆ (ತರಗತಿಗೆ) ಬಿಟ್ಟ, ಏಕೆ ಬಿಟ್ಟ ಎಂಬುದು ಊರಿನ ಶಾಲೆಯ ಕಪಾಟಿನಲ್ಲಿರುವ ಜನರಲ್ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ.

ಜನರಲ್ ರಿಜಿಸ್ಟರ್ ಎಂದರೆ ಪ್ರವೇಶದ ಪುಸ್ತಕ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಪಾಲಕರು, ಜಾತಿ ಮತ್ತು ಮತ, ಹುಟ್ಟಿದ ಊರು, ಹುಟ್ಟಿದ ತಾರೀಖು, ಹಿಂದಿನ ಶಾಲೆ, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟಾಗಿನ ಇಯತ್ತೆ, ಬಿಟ್ಟ ಕಾರಣ, ಷರಾ. ಈ ಎಲ್ಲ ಕಾಲಂಗಳು ಎದುರುಬದುರಿನ ಎರಡು ಪುಟಗಳ ಮೇಲೆ ಹರಡಿರುತ್ತವೆ. ಇವುಗಳಲ್ಲಿ ‘ಬಿಟ್ಟ ಕಾರಣ’ದ ಕಾಲಮ್ಮಿನಷ್ಟು ಮಾತಾಡುವುದು ಇನ್ನೊಂದಿಲ್ಲ. ಬೆಟಗೇರಿ, ಗುಳೇದಗುಡ್ಡ ಎರಡೂ ನೇಕಾರರ ಊರುಗಳು. ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಲು ಮನೆಯಲ್ಲಿ ಮಕ್ಕಳ ಕೈ ಬೇಕು. ಬೆಳೆ ಹೋದ ವರ್ಷ ಊರು ಬಿಟ್ಟವರೆಷ್ಟು, 1890ರ ದಶಕದ ಕೊನೆಗೆ ಪ್ಲೇಗು ಬಂದಾಗ ಎಷ್ಟು ಮಕ್ಕಳು ಶಾಲೆಯಿಂದ ಮರೆಯಾದರು, 1918ರ ಇನ್‌ಫ್ಲುಯೆಂಜಾದ ನಂತರ ಹಾಜರಿ ಎಷ್ಟಕ್ಕೆ ಇಳಿಯಿತು ಎಂಬುದನ್ನೆಲ್ಲ ಈ ಒಂದು ಕಾಲಮ್ಮಿನಿಂದ ಎಣಿಸಿ ತೆಗೆಯಬಹುದು.

ಜಾತಿಯ ಕಾಲಮ್ಮು ಇನ್ನೂ ದೊಡ್ಡ ಸಂಗತಿ ಹೇಳುತ್ತದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ ಜಾತಿಯ ಹುಡುಗನೊಬ್ಬ ಅರ್ಜಿ ಕೊಟ್ಟ. ಒಬ್ಬನ ಸಲುವಾಗಿ ಉಳಿದವರೆಲ್ಲರ ಭಾವನೆಗೆ ವಿರುದ್ಧ ಹೋಗಲಾಗದು ಎಂದು ಬೊಂಬಾಯಿ ಸರ್ಕಾರ ಅವನಿಗೆ ಪ್ರವೇಶ ಕೊಡಿಸಲಿಲ್ಲ. ಆ ಕಾಲದಲ್ಲಿ ಯಾವ ಹಳ್ಳಿಯ ಮಿಶನ್ ಸಾಲಿ ಯಾರ ಮಕ್ಕಳನ್ನು ಯಾವ ವರ್ಷದಿಂದ ಕೂಡಿಸಿಕೊಂಡಿತು, ಹಾಗೆ ಕೂಡಿಸಿಕೊಂಡ ವಾರದಲ್ಲಿ ಎಷ್ಟು ಮಂದಿ ಹೆಸರು ಕಡಿಸಿಕೊಂಡು ಹೋದರು, ಅವರಲ್ಲಿ ಯಾರು ಮರಳಿ ಬಂದರು? ಇದಕ್ಕೆ ಭಾಷಣದಲ್ಲಿ ಉತ್ತರ ಇಲ್ಲ, ರಿಜಿಸ್ಟರಿನಲ್ಲಿ ಇದೆ. ಮಿಶನ್ನಿಗೆ ಹಿತವಾಗದ ಉತ್ತರವೂ ಅಲ್ಲಿ ಸಿಗಬಹುದು. ಸಿಕ್ಕರೆ ಅದೂ ಉಳಿಯಬೇಕು.

ಆದರೆ ಓದುವವರು ಕೆಲವು ಕಡೆ ಎಡವುತ್ತಾರೆ. ಪುಟಗಟ್ಟಲೆ ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆ ಎಂದು ಕಂಡರೆ ಬೆರಗಾಗಬೇಡಿ. ತಂದೆತಾಯಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಶಾಲೆ ಸುರುವಾಗುತ್ತಿದ್ದುದು ಜೂನ್‌ನಲ್ಲಿ. ಮಗುವಿಗೆ ವಯಸ್ಸು ತುಂಬಿದಂತೆ ಮಾಸ್ತರರು ಲೆಕ್ಕ ಹಿಡಿದು ಬರೆದ ತಾರೀಖು ಅದು. ಹಾಜರಿಯ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1854ರ ವುಡ್ ಶಿಕ್ಷಣ ಆದೇಶದ ನಂತರ ಮಿಶನ್ ಶಾಲೆಗಳಿಗೂ ಸರ್ಕಾರದ ಅನುದಾನ ಬರತೊಡಗಿತು. ಮುಂದೆ ಇನ್‌ಸ್ಪೆಕ್ಟರರು ಬಂದು ಪರೀಕ್ಷೆ ಮಾಡಿ, ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಹಣ ಕೊಡುವ ಪದ್ಧತಿ ಬಂತು. ಹಾಗಿರುವಾಗ ತಪಾಸಣೆಯ ತಿಂಗಳಲ್ಲಿ ಹಾಜರಿ ಏರಿದ್ದರೆ ಹಿಂದಿನ ಮುಂದಿನ ಎರಡೆರಡು ತಿಂಗಳನ್ನು ಜೊತೆಗಿಟ್ಟು ನೋಡಬೇಕು. ಅನುದಾನ ಸಿಗುತ್ತಿದ್ದುದು ಲೌಕಿಕ ವಿಷಯಗಳ ಕಲಿಕೆಗೆ. ಆದ್ದರಿಂದ ವೇಳಾಪತ್ರಿಕೆ ಸಿಕ್ಕರೆ ಸತ್ಯವೇದದ ತಾಸು ದಿನದ ಯಾವ ಹೊತ್ತಿಗಿತ್ತು ಎಂಬುದನ್ನು ಮರೆಯದೆ ಗುರುತು ಹಾಕಿಕೊಳ್ಳಿ. ಮೊದಲ ತಾಸಿಗೋ ಕೊನೆಯ ತಾಸಿಗೋ ಇದ್ದರೆ ಬೇಡವೆಂದವರು ತಡವಾಗಿ ಬರಲು ಅಥವಾ ಬೇಗ ಹೋಗಲು ದಾರಿಯಿತ್ತು, ನಡುವೆ ಇದ್ದರೆ ಇರಲಿಲ್ಲ. (ಇಂದು ಸಂವಿಧಾನದ 28ನೇ ವಿಧಿಯ ಪ್ರಕಾರ ಅನುದಾನಿತ ಶಾಲೆಯ ಮಗುವನ್ನು ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಪಾಠಕ್ಕೆ ಕೂಡಿಸುವಂತಿಲ್ಲ.)

ಹೆಸರುಗಳದ್ದು ಇನ್ನೊಂದು ತೊಡಕು. ದೀಕ್ಷಾಸ್ನಾನದ ನಂತರ ಹೆಸರು ಬದಲಾದರೆ ಒಂದೇ ಮಗು ಎರಡು ಹೆಸರಿನಲ್ಲಿ ಎರಡು ಸಾಲಿನಲ್ಲಿ ಬಂದಿರಬಹುದು. ತಂದೆಯ ಹೆಸರು, ಊರು, ಸೇರಿದ ತಾರೀಖು ಮೂರನ್ನೂ ತಾಳೆ ನೋಡದೆ ಎರಡು ಮಕ್ಕಳೆಂದು ಎಣಿಸಬಾರದು. ಕರಾವಳಿಯಲ್ಲಿ ಬಹಳ ಕುಟುಂಬಗಳು ಕ್ರೈಸ್ತರಾದ ಮೇಲೂ ತಮ್ಮ ತುಳು ಬರಿಯ (ಬಳಿಯ, ಅಂದರೆ ಕುಲದ) ಹೆಸರನ್ನೇ ಅಡ್ಡಹೆಸರಾಗಿ ಉಳಿಸಿಕೊಂಡವು. ಅಡ್ಡಹೆಸರು ನೋಡಿ ಮತ ಊಹಿಸಿದರೆ ಲೆಕ್ಕ ತಪ್ಪುತ್ತದೆ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ಅವಸರದ ಬರಹದಲ್ಲಿ ೧ ಮತ್ತು ೦, ಒಂದಕ್ಕೊಂದು ಹೋಲುತ್ತವೆ. ವರ್ಷ ಅನುಮಾನವೆನಿಸಿದರೆ ಮೇಲಿನ ಹತ್ತು, ಕೆಳಗಿನ ಹತ್ತು ನಮೂದುಗಳ ವರ್ಷ ನೋಡಿ.

ಶಾಲೆ ಬಿಟ್ಟವರು ಎಲ್ಲಿಗೆ ಹೋದರು ಎಂಬುದನ್ನು ಮಿಶನ್ನಿನ ಉದ್ಯೋಗಗಳ ಜೊತೆಗಿಟ್ಟು ಓದಬೇಕು. ಮತ ಬದಲಿಸಿದವನು ಮನೆ, ಗೇಣಿ ಭೂಮಿ, ಕುಲಕಸುಬು ಎಲ್ಲ ಕಳೆದುಕೊಳ್ಳುತ್ತಿದ್ದ. ಆಸ್ತಿಯ ಹಕ್ಕು ಹೋಗದಂತೆ 1850ರಲ್ಲಿ ಕಾಯ್ದೆ ಬಂದರೂ ಹಳ್ಳಿಯಲ್ಲಿ ಕಾಯ್ದೆಗಿಂತ ಕುಲದ ಮಾತು ದೊಡ್ಡದು. ಗದಗ ಸಮೀಪದ ಮಲಸಮುದ್ರದಲ್ಲಿಯೂ ಕೊಡಗಿನ ಆನಂದಪುರದಲ್ಲಿಯೂ ಹೊಸ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಡುವ ಪ್ರಯತ್ನ ನಡೆದದ್ದು, ಮಂಗಳೂರಿನಲ್ಲಿ ಅಚ್ಚುಕೂಟ, ನೇಯ್ಗೆ, 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಆರಂಭಿಸಿದ ಜೆಪ್ಪುವಿನ ಹಂಚಿನ ಕಾರ್ಖಾನೆ ಎದ್ದದ್ದು ಈ ಹಿನ್ನೆಲೆಯಲ್ಲಿ. 1914ರಲ್ಲಿ ಯುದ್ಧ ಸುರುವಾದ ಮೇಲೆ ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಆ ವರ್ಷಗಳ ಪುಟಗಳನ್ನು ವಿಶೇಷವಾಗಿ ಜೋಪಾನ ಮಾಡಬೇಕು. ಹೊರಗಿನ ಹಣ, ಹೊರಗಿನ ಮೇಲ್ವಿಚಾರಣೆ ನಿಂತಾಗ ಹಳ್ಳಿಯ ಶಾಲೆಗಳನ್ನು ಊರಿನ ಮಾಸ್ತರರು ಹೇಗೆ ನಡೆಸಿದರು ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ಉಳಿಸುವ ಕೆಲಸ. ಇದಕ್ಕೆ ದೊಡ್ಡ ಹಣ ಬೇಡ, ಅವಸರ ಮಾತ್ರ ಕೂಡದು.

ಮೊದಲು ಪಟ್ಟಿ. ಪ್ರತಿ ಪುಸ್ತಕಕ್ಕೆ ಒಂದು ಸಾಲು: ಏನು ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಮೊದಲ ಮತ್ತು ಕೊನೆಯ ಕ್ರಮಸಂಖ್ಯೆ, ಎಷ್ಟು ಹಾಳೆ, ಸ್ಥಿತಿ ಹೇಗಿದೆ. ಪುಟಸಂಖ್ಯೆ ಹಾಕುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಮೂಲೆಯಲ್ಲಿ. ಬಾಲ್‌ಪೆನ್ ತಾಗಿಸಬಾರದು. ಪ್ರವೇಶದ ರಿಜಿಸ್ಟರ್ ಇಂದಿಗೂ ಜನ್ಮದಿನಾಂಕಕ್ಕೆ, ಜಾತಿಗೆ ಪುರಾವೆ. ಅದರ ಮೇಲೆ ಒಂದು ಗೀಟು ಬಿದ್ದರೂ ನಾಳೆ ತಿದ್ದಿದ ದಾಖಲೆ ಎಂಬ ಆಕ್ಷೇಪ ಬರುತ್ತದೆ.

ಆಮೇಲೆ ಸ್ವಚ್ಛತೆ. ಮೂಗು ಬಾಯಿ ಮುಚ್ಚಿಕೊಂಡು, ಮೆತ್ತನೆಯ ಒಣ ಬ್ರಶ್ಶಿನಿಂದ ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಧೂಳು ತೆಗೆಯಬೇಕು. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಹರಡುತ್ತದೆ. ಸೋರಿಕೆಯಿಂದ ತೊಯ್ದ ಪುಸ್ತಕವನ್ನು ಬಿಸಿಲಿಗೆ ಇಡುವುದು ದೊಡ್ಡ ತಪ್ಪು. ಹಾಳೆ ಸೆಟೆದು ಸುಕ್ಕಾಗುತ್ತದೆ, ಮಸಿ ಮಾಸುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಹತ್ತಿಪ್ಪತ್ತು ಹಾಳೆಗೊಂದರಂತೆ ಮಸಿಹೀರುವ ಕಾಗದ ಇಟ್ಟು, ಅದು ತೊಯ್ದಂತೆಲ್ಲ ಬದಲಿಸಬೇಕು. ಎರಡು ದಿನ ತಡ ಮಾಡಿದರೆ ಬೂಷ್ಟು ಏಳುತ್ತದೆ.

ಹಳೆಯ ಬರಹದಲ್ಲಿ ಅಕ್ಷರವಿದ್ದಲ್ಲೇ ಕಾಗದ ತೂತಾಗಿರುವುದನ್ನು ಹಲವರು ಹುಳುವಿನ ಕೆಲಸ ಅಂದುಕೊಳ್ಳುತ್ತಾರೆ. ಅದು ಮಸಿಯ ಕೆಲಸ. ಅಳಲೆಕಾಯಿ, ಅನ್ನಭೇದಿ ಸೇರಿಸಿ ಮಾಡಿದ ಮಸಿಯಲ್ಲಿ ಕಬ್ಬಿಣವೂ ಆಮ್ಲವೂ ಇರುತ್ತವೆ. ವರ್ಷ ಕಳೆದಂತೆ ಅವು ಕಾಗದವನ್ನು ಸುಡುತ್ತವೆ, ತೇವ ತಾಗಿದರೆ ಬೇಗ ಸುಡುತ್ತವೆ. ಅಂಥ ಹಾಳೆಯನ್ನು ಮಡಿಸಬಾರದು, ಒತ್ತಬಾರದು. ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡವೇ ಬೇಡ. ಕೆಲವು ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ಕೆಟ್ಟದ್ದು, ಬಿಡಿಸಲು ಬರುವುದೇ ಇಲ್ಲ. ಏನೂ ತೋಚದಿದ್ದರೆ ಹರಿದ ತುಂಡುಗಳನ್ನು ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ ಅದೇ ಪುಟದ ಎಡೆಯಲ್ಲಿಡಿ, ಬಲ್ಲವರು ಬಂದಾಗ ಜೋಡಿಸುತ್ತಾರೆ. ಹಸಿ ಬೇವಿನೆಲೆಯನ್ನು ಪುಟಗಳ ನಡುವೆ ಇಟ್ಟರೆ ಕಲೆಯಾಗುತ್ತದೆ. ಒಣಗಿಸಿದ ಬೇವು, ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಯಲ್ಲಿಡುವುದು ಸರಿ. ಕಪಾಟು ಗೋಡೆಯಿಂದ ಅರ್ಧ ಅಡಿ ದೂರ, ಕೆಳಗಿನ ಅರೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಗೆದ್ದಲು ನೆಲದಿಂದ ಎದ್ದು ಗೋಡೆ ಹಿಡಿದು ಬರುತ್ತದೆ.

ಫೋಟೋ ತೆಗೆಯುವುದು ಕೊನೆಗೆ. ಒಳ್ಳೆಯ ಮೊಬೈಲು ಸಾಕು. ಕಾಲಂಗಳು ಎರಡು ಪುಟದ ಮೇಲಿರುವುದರಿಂದ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಸಣ್ಣ ಅಕ್ಷರ ಹೋಗುತ್ತದೆ. ಇಂಚಿಗೆ 300 ಚುಕ್ಕೆ ಬೇಕೆಂದರೆ ಎ4 ಅಳತೆಯ ಒಂದು ಪುಟಕ್ಕೇ ಸುಮಾರು 9 ಮೆಗಾಪಿಕ್ಸೆಲ್ ಬೇಕು. ಆದ್ದರಿಂದ ಎಡ ಪುಟ ಒಂದು ಚಿತ್ರ, ಬಲ ಪುಟ ಇನ್ನೊಂದು ಚಿತ್ರ. ಸಾಲು ತಪ್ಪದಂತೆ ಎರಡರಲ್ಲೂ ಹೊಲಿಗೆಯ ಅಂಚು ಕಾಣಬೇಕು. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ಎರಡೂ ಬದಿಯಿಂದ ಓರೆಯಾಗಿ ಬೆಳಕು ಬಿಡಿ, ಫ್ಲ್ಯಾಶ್ ಬೇಡ. ಒಬ್ಬರು ಪುಟ ತಿರುವಿ ಇನ್ನೊಬ್ಬರು ಕ್ಲಿಕ್ ಮಾಡಿದರೆ ತಾಸಿಗೆ ನೂರು ಪುಟ ಸರಾಗ. 200 ಹಾಳೆಯ ರಿಜಿಸ್ಟರ್ ಎಂದರೆ 400 ಚಿತ್ರ, ಚಿತ್ರಕ್ಕೆ 4 ಎಂಬಿ ಹಿಡಿದರೂ ಎರಡು ಜಿಬಿ ದಾಟದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಕುಗ್ಗಿ ಹಾಳಾಗುತ್ತದೆ, ಮೂಲ ಕಡತವನ್ನೇ ಹಾರ್ಡ್‌ಡಿಸ್ಕಿಗೆ ಹಾಕಬೇಕು. ಒಟ್ಟು ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಹೀಗೆ ಮಾಡಿದ ಮೇಲೂ ಮೂಲ ಪುಸ್ತಕವನ್ನು ಎಸೆಯಬಾರದು.

ಒಂದು ಎಚ್ಚರಿಕೆ. ಈ ಪುಟಗಳಲ್ಲಿ ಜನರ ಜಾತಿ, ಜನ್ಮದಿನಾಂಕ ಇವೆ, ಇಂದು ಬೈಗುಳವಾದ ಜಾತಿಸೂಚಕ ಪದಗಳೂ ಇವೆ. ನಕಲು ಬರೆಯುವಾಗ ಮೂಲದಲ್ಲಿ ಇದ್ದಂತೆಯೇ ಬರೆಯಬೇಕು, ಆದರೆ ಫೇಸ್‌ಬುಕ್ಕಿಗೆ ಹಾಕಬಾರದು. ಬದುಕಿರುವವರ ನಮೂದುಗಳು ಇರುವ ಪುಸ್ತಕಗಳನ್ನು ಸಾರ್ವಜನಿಕವಾಗಿ ತೆರೆಯುವುದು ತರವಲ್ಲ.

ಹಳೆಯ ಮುದ್ರಿತ ಪುಸ್ತಕಗಳ ಮಟ್ಟಿಗೆ ಪರಿಸ್ಥಿತಿ ಇಷ್ಟು ಕೆಟ್ಟಿಲ್ಲ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಕನ್ನಡ, ತುಳು, ಮಲಯಾಳ ಪುಸ್ತಕಗಳನ್ನು ಯಾರೂ ನೋಡಬಹುದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್ ದಾಖಲೆಗಳ ಸಂಗ್ರಹವಿದೆ. ಹಳ್ಳಿಯ ಶಾಲೆಯ ರಿಜಿಸ್ಟರು ಮಾತ್ರ ಎಲ್ಲಿಯೂ ಎರಡನೆಯ ಪ್ರತಿಯಿಲ್ಲದ ವಸ್ತು.

ಆದ್ದರಿಂದ ನಮ್ಮ ಕೇಳಿಕೆ ಇಷ್ಟು. ಬಾಸೆಲ್ ಮಿಶನ್ನಿನ ಸಭೆಗಳು ಇಂದು ಸೇರಿರುವ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಸಭಾಪ್ರಾಂತಗಳು (ಡಯಾಸಿಸ್‌ಗಳು) ತಮ್ಮ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಏಪ್ರಿಲ್ ತಿಂಗಳಲ್ಲೇ ಒಂದು ಸುತ್ತೋಲೆ ಕಳಿಸಿ, 1950ಕ್ಕಿಂತ ಹಿಂದಿನ ಯಾವ ಪುಸ್ತಕವನ್ನೂ ವಿಲೇವಾರಿ ಮಾಡಬಾರದೆಂದು ತಿಳಿಸಲಿ. ಮುಚ್ಚಿದ ಅಥವಾ ಬೇರೆ ಶಾಲೆಯೊಂದಿಗೆ ಸೇರಿಸಿದ ಶಾಲೆಗಳ ರಿಜಿಸ್ಟರ್ ಯಾರ ವಶದಲ್ಲಿವೆ ಎಂಬ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ತಾಲ್ಲೂಕುವಾರು ತಯಾರಿಸಲಿ. ಇತಿಹಾಸ ವಿಭಾಗವಿರುವ ಹತ್ತಿರದ ಕಾಲೇಜುಗಳು ಬೇಸಿಗೆ ರಜೆಯಲ್ಲಿ ನಾಲ್ಕು ವಿದ್ಯಾರ್ಥಿಗಳನ್ನು ಕಳಿಸಿದರೆ ಒಂದು ಶಾಲೆಯ ಪಟ್ಟಿ ಮತ್ತು ಫೋಟೋ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಈ ವರ್ಷ ಸುಣ್ಣದ ಬಕೀಟು ಬರುವ ಮೊದಲೇ ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಊರಿನ ಹಿರಿಯರು ಒಮ್ಮೆ ವಿಚಾರಿಸಲಿ.

ಇತಿ,
ಇಬ್ಬರು ನಿವೃತ್ತ ಶಿಕ್ಷಕರು
ಗದಗ-ಬೆಟಗೇರಿ