ನಾಟಕ ಮುಗಿದ ಮೇಲೆ ಹಾಡಲು ಒಂದು ಕೋಣೆ ಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ 'ಕ್ಯಾಬರೆ' ಅನ್ನುವ ಪದ ಆಗಾಗ ಕಾಣುತ್ತದೆ. ದಾಳಿ, ಬಂಧನ, ವಶ ಅನ್ನುವ ಪದಗಳ ಪಕ್ಕದಲ್ಲೇ ಬರುತ್ತದೆ. ಆ ಪದದ ಬಗ್ಗೆ ನಿಮಗೆ ಬರೆಯಬೇಕು ಅಂತ ಕಳೆದ ಅಕ್ಟೋಬರ್‌ನಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಬ್ಯಾಂಕ್ ಕೆಲಸದಿಂದ ನಿವೃತ್ತಳು. ವಯಸ್ಸು 64. ಮನೆ ಹನುಮಂತನಗರ. ನಮ್ಮ ತಂದೆ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರಾಗಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೇಳುವುದು. ಅವರು ವರ್ಷವೆಲ್ಲ ಕ್ಯಾಂಪು ಕ್ಯಾಂಪು ತಿರುಗುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೂ ಹೋಗುತ್ತಿದ್ದೆವು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗಂತೂ ಶಾಲೆ ತಪ್ಪಿಸಿಯಾದರೂ ಹೋಗುವುದೇ. ಬನದ ಹುಣ್ಣಿಮೆಯ ಚಳಿಯಲ್ಲಿ ಅಲ್ಲಿ ಸಾಲು ಸಾಲು ನಾಟಕದ ಟೆಂಟುಗಳು. ಒಂದು ಆಟ ಮುಗಿದರೆ ಇನ್ನೊಂದು, ಬೆಳಗಿನ ಜಾವದವರೆಗೆ.

ಆಟಕ್ಕಿಂತ ನನಗೆ ಜಾಸ್ತಿ ನೆನಪಿರುವುದು ಆಟ ಮುಗಿದ ಮೇಲಿನ ಹೊತ್ತು. ಪರದೆ ಬಿದ್ದಿರುತ್ತಿತ್ತು. ಕಲಾವಿದರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಯಾರೋ ಚಹಾ ತರುತ್ತಿದ್ದರು. ಅಪ್ಪ ಪೇಟಿಯನ್ನು ಗೂಡಿಗೆ ಹಾಕದೆ ಮುಂದಿಟ್ಟುಕೊಂಡೇ ಕೂತಿರುತ್ತಿದ್ದರು. ಆಗ ಹಾಡು ಶುರುವಾಗುತ್ತಿತ್ತು. ದಿನಾ ಖಳನ ಪಾರ್ಟು ಮಾಡುವವರು ತಮಗೆ ಯಾವತ್ತೂ ಸಿಗದ ನಾಯಕನ ಪದ ಹಾಡುತ್ತಿದ್ದರು. ಪರದೆ ಎಳೆಯುವ ಹುಡುಗ ರಾಣಿಯ ಪದ ಹಾಡುತ್ತಿದ್ದ. ಅವನ ಗಂಟಲು ಎಷ್ಟು ಚೆನ್ನಾಗಿತ್ತು ಅಂದರೆ ರಾಣಿ ಪಾರ್ಟಿನವರೇ ಕಣ್ಣು ಮುಚ್ಚಿ ಕೇಳುತ್ತಿದ್ದರು. ಟಿಕೆಟ್ ಇಲ್ಲ, ಬೆಳಕಿಲ್ಲ. ಹದಿನೈದು ಇಪ್ಪತ್ತು ಜನ, ಒಂದು ಲಾಟೀನು. ಅಪ್ಪ ಕೇಳುತ್ತಿದ್ದುದು ಒಂದೇ ಮಾತು. 'ಕರಿ ಎರಡಾ, ಬಿಳಿ ನಾಲ್ಕಾ?' ಅಂದರೆ ಪೇಟಿಯ ಯಾವ ಮನೆಯಿಂದ ಶ್ರುತಿ ಹಿಡಿಯಲಿ ಅಂತ. ಹಾಡುವವರು ಹೇಳುವ ಮೊದಲೇ ಅವರ ಬೆರಳು ಅಲ್ಲಿಗೆ ಹೋಗಿರುತ್ತಿತ್ತು.

ನಾನು ಪಿಯುಸಿ ಓದುವ ಹೊತ್ತಿಗೆ ಕಾಲ ಬದಲಾಗಿತ್ತು. ಸಿನಿಮಾಕ್ಕೆ ಜನ ಹೋಗುತ್ತಿದ್ದಾರೆ ಅಂತ ಅಪ್ಪ ಇದ್ದ ಕಂಪನಿಯವರು ನಾಟಕದ ನಡುವೆ ಕ್ಯಾಬರೆ ಡ್ಯಾನ್ಸ್ ಸೇರಿಸಿದರು. ಜೀಪಿನ ಮೈಕಿನಲ್ಲಿ ನಾಟಕದ ಹೆಸರಿಗಿಂತ ಮೊದಲು ಅದನ್ನೇ ಕೂಗುತ್ತಿದ್ದರು. ಅದಕ್ಕೆ ಪೇಟಿ ಬೇಡ, ರೆಕಾರ್ಡ್ ಸಾಕು. ಆ ಹತ್ತು ನಿಮಿಷ ಅಪ್ಪ ಪೇಟಿಯ ಮೇಲೆ ಕೈಯಿಟ್ಟು ಸುಮ್ನೆ ಕೂತಿರುತ್ತಿದ್ದರು. ಮರುವರ್ಷ ಕಂಪನಿ ಬಿಟ್ಟರು. 'ಕ್ಯಾಬರೆ ನನ್ನ ಪೇಟಿ ತಿಂತು' ಅಂತ ಕೊನೆಯವರೆಗೂ ಹೇಳುತ್ತಿದ್ದರು. ಕುಣಿಯಲು ಬಂದ ಹೆಣ್ಣುಮಕ್ಕಳ ಬಗ್ಗೆ ಅವರು ಒಂದು ದಿನವೂ ಕೆಟ್ಟ ಮಾತಾಡಲಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು, ಬಿಡಾರದಲ್ಲಿ ನಮ್ಮ ಅವ್ವನ ಜೊತೆ ರೊಟ್ಟಿ ಬಡಿದವರು. ಆದರೆ ಆ ಪದ ನಮ್ಮ ಮನೆಯಲ್ಲಿ ಬೈಗುಳವಾಗಿ ಉಳಿಯಿತು.

ಕಳೆದ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. ಅವಳು ಇರುವುದು ಅಮೆರಿಕದ ಜರ್ಸಿ ಸಿಟಿಯಲ್ಲಿ. ನದಿ ದಾಟಿದರೆ ನ್ಯೂಯಾರ್ಕ್. ನಾಟಕ ನೋಡಬೇಕು ಅನ್ನುವುದೊಂದೇ ನನ್ನ ಆಸೆ. ಟೈಮ್ಸ್ ಸ್ಕ್ವೇರ್‌ನಲ್ಲಿ ಕೆಂಪು ಮೆಟ್ಟಿಲುಗಳ ಕೆಳಗೆ ಒಂದು ಕೌಂಟರ್ ಇದೆ. ಮಾರಾಟವಾಗದೆ ಉಳಿದ ಟಿಕೆಟ್ಟುಗಳನ್ನು ಅಲ್ಲಿ ಅವತ್ತವತ್ತೇ ಕಡಿಮೆ ಬೆಲೆಗೆ ಕೊಡುತ್ತಾರೆ. ಒಂದೂವರೆ ಗಂಟೆ ಕ್ಯೂ ನಿಂತು ತೊಗೊಂಡೆವು. ನಾಟಕ ಇದ್ದದ್ದು 45ನೇ ಬೀದಿಯ ಲೈಸಿಯಂ ಥಿಯೇಟರಿನಲ್ಲಿ. 1903ರಲ್ಲಿ ಕಟ್ಟಿದ್ದು, ಈಗಲೂ ನಾಟಕ ಆಡುತ್ತಲೇ ಇದ್ದಾರೆ. ಕೆತ್ತನೆಯ ಕಂಬಗಳು, ಮೂರು ಅಂತಸ್ತಿನ ಸೀಟುಗಳು. ನಮಗೆ ಸಿಕ್ಕಿದ್ದು ತೀರಾ ಮೇಲೆ. ಮಾತಿನ ನಾಟಕ. ನನಗೆ ಅರ್ಧ ಅರ್ಥವಾಯಿತು, ಆದರೆ ಆ ನಟರ ಉಸಿರು ಪೂರ್ತಿ ಕೇಳಿಸಿತು.

ಹೊರಗೆ ಬಂದಾಗ ಹತ್ತೂವರೆ. ನನ್ನ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗಿನ ಜಿಪ್ ಎಳೆಯಿತು. ಬೆಂಗಳೂರಿನಲ್ಲಿ ನಾಟಕ ಮುಗಿದರೆ ಮುಂದಿನದು ಓಟ, ಅಲ್ವಾ? ಮಗಳು ನಕ್ಕಳು. 'ಅಮ್ಮ, ಇಲ್ಲಿ ರೈಲು ರಾತ್ರಿಯಿಡೀ ಇರತ್ತೆ. ಇನ್ನೊಂದು ಜಾಗಕ್ಕೆ ಹೋಗೋಣ, ಕ್ಯಾಬರೆ' ಅಂದಳು.

ನಾನು ಬರುವುದಿಲ್ಲ ಅಂದೆ. ಬೀದಿಯಲ್ಲೇ ನಿಂತು ಅಪ್ಪನ ಮಾತು ಹೇಳಿದೆ. ಅವಳು ವಾದ ಮಾಡಲಿಲ್ಲ. 'ಬಾಗಿಲಲ್ಲಿ ನಿಂತು ಕೇಳು. ಇಷ್ಟವಾಗದಿದ್ದರೆ ವಾಪಸ್ ಹೋಗೋಣ' ಅಂದಳು.

46ನೇ ಬೀದಿಯಲ್ಲಿ, ಎಂಟು ಮತ್ತು ಒಂಬತ್ತನೇ ಅವೆನ್ಯೂಗಳ ನಡುವೆ, ಹಳೆಯ ಮನೆಗಳ ಸಾಲಿದೆ. ಎಲ್ಲವೂ ಈಗ ಹೋಟೆಲುಗಳು. ಆ ಸಾಲಿಗೆ ರೆಸ್ಟೋರೆಂಟ್ ರೋ ಅಂತಲೇ ಹೆಸರು. ಅಲ್ಲಿ 'ಡೋಂಟ್ ಟೆಲ್ ಮಾಮಾ' ಅನ್ನುವ ಜಾಗ. 1982ರಿಂದ ನಡೆಯುತ್ತಿದೆ. ಹಿಂಬದಿಯಲ್ಲಿ ಟಿಕೆಟ್ಟಿನ ಕಾರ್ಯಕ್ರಮಗಳಿಗೆ ಚಿಕ್ಕ ಕೋಣೆಗಳು, ಮುಂದುಗಡೆ ಪಿಯಾನೊ ಇರುವ ಬಾರು. ನಾವು ಕೂತದ್ದು ಮುಂದೆ. ಕೂತವರು ಎರಡು ಲೋಟವಾದರೂ ಏನಾದರೂ ತೊಗೊಳ್ಳಬೇಕು. ಮದ್ಯವೇ ಆಗಬೇಕು ಅಂತಿಲ್ಲ. ನಾನು ಎರಡು ಸಲವೂ ಶುಂಠಿ ಸೋಡಾ ತೊಗೊಂಡೆ.

ನಮಗೆ ಸೋಡಾ ತಂದುಕೊಟ್ಟ ಹುಡುಗಿ ಟ್ರೇ ಬದಿಗಿಟ್ಟಳು. ಪಿಯಾನೊ ಹತ್ತಿರ ಹೋಗಿ ನುಡಿಸುವವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಒಂದು ಸ್ವರ ಒತ್ತಿದರು. ಅವಳು ತಲೆ ಆಡಿಸಿದಳು. ಅವರು ಇನ್ನೊಂದು ಸ್ವರ ಕೆಳಗಿಳಿದರು. ಅವಳು ಹಾಡಿದಳು.

ಸಂಪಾದಕರೇ, ನನಗೆ ಕಣ್ಣಲ್ಲಿ ನೀರು ಬಂತು. ಅದು ಕರಿ ಎರಡಾ ಬಿಳಿ ನಾಲ್ಕಾ ಅನ್ನುವ ಮಾತೇ ಆಗಿತ್ತು. ಭಾಷೆ ಮಾತ್ರ ಬೇರೆ.

ಆಮೇಲೆ ಬಾರಿನ ಹಿಂದೆ ನಿಂತಿದ್ದವನು ಲೋಟ ಒರೆಸುತ್ತಲೇ ಹಾಡಿದ. ಮೂಲೆಯ ಮೇಜಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದುಬಂದರು, ಕೋಲು ಹಿಡಿದು. ಹಳೆಯ ಸಂಗೀತ ನಾಟಕದ ಹಾಡು ಅಂತ ಮಗಳು ಹೇಳಿದಳು. ನಡುವೆ ಸಾಲು ಮರೆತರು. ಇಡೀ ಕೋಣೆ ಮೆಲ್ಲಗೆ ಆ ಸಾಲನ್ನು ಎತ್ತಿಕೊಟ್ಟಿತು. ಆ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ದೊಡ್ಡ ರಂಗಮಂದಿರಗಳಲ್ಲಿ ಪಾರ್ಟು ಸಿಗಲಿ ಅಂತ ಕಾಯುತ್ತಿರುವವರಂತೆ. ಹಗಲು ಆಡಿಷನ್, ರಾತ್ರಿ ಟ್ರೇ ಹಿಡಿಯುವುದು, ನಡುವೆ ಒಂದು ಹಾಡು. ಪಿಯಾನೊ ಮೇಲೆ ಗಾಜಿನ ಜಾಡಿ ಇತ್ತು, ಮೆಚ್ಚಿದವರು ದುಡ್ಡು ಹಾಕಲು. ನಮ್ಮ ಊರುಗಳಲ್ಲಿ ನಾಟಕದ ನಡುವೆ ಆಯೇರಿ ಕೊಡುತ್ತಾರಲ್ಲ, ಹಾಗೆ. ನಾನೂ ಐದು ಡಾಲರ್ ಹಾಕಿದೆ. ಅರೆಬತ್ತಲೆ ಕುಣಿತ ಇರಲಿಲ್ಲ. ಗಲಾಟೆ ಇರಲಿಲ್ಲ. ಒಂದು ಗಂಟೆಗೆ ಎದ್ದಾಗ ನನಗೇ ಮನಸ್ಸಿರಲಿಲ್ಲ.

ಕ್ಯಾಬರೆ ಅಂದರೆ ಇದೊಂದೇ ಅಂತ ನಾನು ಹೇಳುತ್ತಿಲ್ಲ. ಪ್ಯಾರಿಸ್ಸಿನಲ್ಲಿ ಕುಣಿತದ ದೊಡ್ಡ ದೊಡ್ಡ ಮನೆಗಳಿವೆ. ಆದರೆ ಅದೇ ಪ್ಯಾರಿಸ್ಸಿನ ಮಾಂಟ್‌ಮಾರ್ಟ್ರ್‌ನಲ್ಲಿ 1881ರಲ್ಲಿ 'ಶಾ ನುಆರ್', ಅಂದರೆ ಕಪ್ಪು ಬೆಕ್ಕು, ಅನ್ನುವ ಕ್ಯಾಬರೆ ಶುರುವಾಯಿತು. ಅಲ್ಲಿಗೆ ಬರುತ್ತಿದ್ದವರು ಕವಿಗಳು, ಚಿತ್ರಕಾರರು, ಹಾಡು ಕಟ್ಟುವವರು. ನಮಗೆ ಬಂದು ಸೇರಿದ್ದು ಆ ಪದದ ಒಂದು ತುಂಡು ಮಾತ್ರ. ಅದನ್ನೇ ಇಡೀ ಪದ ಅಂದುಕೊಂಡೆವು.

ಊರಿಗೆ ಬಂದ ಮೇಲೆ ಓದಿ ತಿಳಿದದ್ದು ಇನ್ನೂ ಇದೆ. ನ್ಯೂಯಾರ್ಕಿನಲ್ಲೂ ಈ ಕೋಣೆಗಳು ಸುಲಭವಾಗಿ ಉಳಿದಿಲ್ಲ. 1926ರಲ್ಲಿ ಅಲ್ಲಿ ಕ್ಯಾಬರೆ ಕಾಯ್ದೆ ಬಂತು. ಊಟ, ಪಾನೀಯ ಕೊಡುವ ಜಾಗದಲ್ಲಿ ಹಾಡು ಕುಣಿತ ಬೇಕಾದರೆ ಲೈಸೆನ್ಸ್ ಬೇಕು. ಹಾರ್ಲೆಮ್‌ನ ಕಪ್ಪು ಜನರ ಜಾಝ್ ಕ್ಲಬ್ಬುಗಳನ್ನು ಹತ್ತಿಕ್ಕಲು ಅದು ಬಳಕೆಯಾಯಿತು ಅಂತ ಇತಿಹಾಸ ಬರೆದವರು ಹೇಳುತ್ತಾರೆ. 1940ರಿಂದ ಹಾಡುಗಾರರಿಗೂ ಪೊಲೀಸರ ಕಾರ್ಡ್ ಕಡ್ಡಾಯವಾಯಿತು. ಬೆರಳಚ್ಚು ಕೊಡಬೇಕು. ಬಿಲ್ಲಿ ಹಾಲಿಡೇ ಅನ್ನುವ ಮಹಾ ಗಾಯಕಿ 1947ರಲ್ಲಿ ಮಾದಕ ವಸ್ತುವಿನ ಕೇಸಿನಲ್ಲಿ ಆ ಕಾರ್ಡ್ ಕಳೆದುಕೊಂಡರು. ಮರುವರ್ಷ ಕಾರ್ನೆಗಿ ಹಾಲ್ ತುಂಬುವಂತೆ ಹಾಡಿದರು, ಏಕೆಂದರೆ ದೊಡ್ಡ ಸಭಾಂಗಣಕ್ಕೆ ಕಾರ್ಡ್ ಬೇಡ. ಆದರೆ ಮದ್ಯ ಮಾರುವ ಸಣ್ಣ ಕ್ಲಬ್ಬಿನಲ್ಲಿ ಹಾಡುವಂತಿರಲಿಲ್ಲ. ಅವರ ಹಾಡು ಹುಟ್ಟಿ ಬೆಳೆದದ್ದೇ ಅಂಥ ಕೋಣೆಗಳಲ್ಲಿ. ಪಿಯಾನೊ ನುಡಿಸುವ ಥಲೋನಿಯಸ್ ಮಾಂಕ್ ಕೂಡ 1951ರಿಂದ ಸುಮಾರು ಆರು ವರ್ಷ ಹಾಗೇ ಹೊರಗೆ ಉಳಿದರು. ಕಾರ್ಡ್ ಪದ್ಧತಿ ಹೋದದ್ದು 1967ರಲ್ಲಿ. ಕಾಯ್ದೆಯನ್ನು ನಗರ ಸಭೆ ತೆಗೆದುಹಾಕಿದ್ದು 2017ರ ಅಕ್ಟೋಬರ್‌ನಲ್ಲಿ. ಒಟ್ಟು 91 ವರ್ಷ.

ಅದಾಗಿ ಮೂರು ತಿಂಗಳಿಗೆ, 2018ರ ಜನವರಿಯಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಬೆಂಗಳೂರಿನ 2005ರ ಲೈಸೆನ್ಸ್ ಆದೇಶವನ್ನು ಎತ್ತಿಹಿಡಿಯಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಥೆಕ್ ಮೂರನ್ನೂ ಒಟ್ಟಿಗೆ ಹಿಡಿಯುವ ಆದೇಶ ಅದು. ಕೋರ್ಟಿನ ಮಾತನ್ನು ನಾನು ಗೌರವಿಸುತ್ತೇನೆ. ಹೆಣ್ಣುಮಕ್ಕಳ ಶೋಷಣೆ ತಡೆಯಬೇಕು, ಬೆಂಕಿ ಬಿದ್ದರೆ ಜನ ಹೊರಗೆ ಬರಲು ದಾರಿ ಇರಬೇಕು, ಅಕ್ಕಪಕ್ಕದವರಿಗೆ ನಿದ್ದೆ ಬರಬೇಕು. ಅದೆಲ್ಲ ಬೇಕೇ ಬೇಕು. ನನ್ನ ತಕರಾರು ಒಂದೇ. ಕೂತು ಹಾಡುವುದನ್ನೂ ಆ ಬಲೆಗೆ ಏಕೆ ಹಾಕಬೇಕು?

ಇದು ನನಗೆ ಅನುಭವದಿಂದ ಗೊತ್ತು. ಕೆಲವು ವರ್ಷಗಳ ಹಿಂದೆ ನಾವು ಏಳೆಂಟು ಜನ ರಂಗಗೀತೆ ಹಾಡುವವರು ಒಂದು ಯೋಚನೆ ಮಾಡಿದೆವು. ಶನಿವಾರ ನಾಟಕ ಬಿಟ್ಟ ಮೇಲೆ ಹತ್ತಿರದ ಒಂದು ಹೋಟೆಲಿನ ಮಹಡಿಯಲ್ಲಿ ಒಂದು ಗಂಟೆ ಹಾಡೋಣ ಅಂತ. ಪೇಟಿ, ತಬಲ, ತಾಳ. ಮೈಕ್ ಕೂಡ ಬೇಡ. ದೋಸೆ ಕಾಫಿಯ ಹೋಟೆಲು, ಮದ್ಯದ ಮಾತೇ ಇಲ್ಲ. ಮಾಲೀಕರು ಖುಷಿಯಿಂದ ಒಪ್ಪಿದರು. ವಿಚಾರಿಸಲು ಹೋಗಿ ಬಂದ ಮೇಲೆ ಅವರ ಮುಖ ಸಣ್ಣದಾಗಿತ್ತು. 'ಹೋಟೆಲಲ್ಲಿ ಹಾಡಿಸಿದರೆ ಲೈವ್ ಬ್ಯಾಂಡ್ ಲೈಸೆನ್ಸ್ ಬೇಕಂತೆ ಮೇಡಂ, ನನಗೆ ತಾಪತ್ರಯ ಬೇಡ' ಅಂದರು. ಅವರ ಮೇಲೆ ನನಗೆ ಬೇಸರವಿಲ್ಲ.

ನಮ್ಮ ನಗರದಲ್ಲಿ ನಾಟಕಕ್ಕೆ ಕೊರತೆ ಇಲ್ಲ. 1963ರಿಂದ ರವೀಂದ್ರ ಕಲಾಕ್ಷೇತ್ರ ಇದೆ. 2004ರಿಂದ ರಂಗಶಂಕರ ಇದೆ. ಅಲ್ಲಿ ಸಂಜೆ ಏಳೂವರೆಗೆ ಬಾಗಿಲು ಹಾಕಿದರೆ ಹಾಕಿದ್ದೇ. ಆ ಶಿಸ್ತು ನನಗೆ ತುಂಬಾ ಇಷ್ಟ. ನಮ್ಮ ಮನೆ ಹತ್ತಿರ ಕೆ.ಎಚ್. ಕಲಾಸೌಧ ಇದೆ. ಆದರೆ ಒಂಬತ್ತೂವರೆಗೆ ಚಪ್ಪಾಳೆ ಮುಗಿಯುತ್ತಲೇ ಎಲ್ಲರೂ ಬಸ್ಸಿಗೆ, ಮೆಟ್ರೊಗೆ, ಆಟೊಗೆ ಓಡುತ್ತಾರೆ. ಆಡಿದವರು ಬಣ್ಣ ತೊಳೆದು ಬರುವ ಹೊತ್ತಿಗೆ ನೋಡಿದವರು ಇರುವುದಿಲ್ಲ. ಆ ನಾಟಕದ ಬಗ್ಗೆ ಒಂದು ಮಾತು ಆಡಲು, ಒಂದು ಪದ ಹಾಡಲು ಜಾಗವಿಲ್ಲ. ಬಿ.ವಿ. ಕಾರಂತರು ನಾಟಕಕ್ಕೆ ಕಟ್ಟಿಕೊಟ್ಟ ಅಷ್ಟೊಂದು ಹಾಡುಗಳಿವೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಹಾಡುತ್ತಿದ್ದಂಥ ಕಂಪನಿ ಪದಗಳಿವೆ. ಅವರು 2020ರಲ್ಲಿ ಹೋಗಿಬಿಟ್ಟರು. ಆ ಪದಗಳನ್ನು ನೂರಾರು ಜನರ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ಹಾಡಿದರೆ ಸಾಲದು. ಅವು ಹತ್ತಿರ ಕೂತು ಕೇಳುವ ಹಾಡುಗಳು. ಒನ್ಸ್ ಮೋರ್ ಅಂದರೆ ಹಾಡುವವರಿಗೆ ನಮ್ಮ ಮುಖ ಕಾಣಬೇಕು.

ಹಾಗಾಗಿ ಗೃಹ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ. ಆ 2005ರ ಆದೇಶಕ್ಕೆ ಒಂದು ಸಾಲು ಸೇರಿಸಿ. ನೂರು ಜನರ ಒಳಗಿನ ಜಾಗ, ಕೂತು ಹಾಡುವುದು, ಮೈಕ್ ಇಲ್ಲ, ಕುಣಿತ ಇಲ್ಲ, ಅಂಥದ್ದಕ್ಕೆ ಸ್ಥಳೀಯ ಠಾಣೆಗೆ ಒಂದು ತಿಳಿವಳಿಕೆ ಪತ್ರ ಸಾಕು ಅಂತ. ರಂಗಮಂದಿರಗಳನ್ನು ನಡೆಸುವವರಿಗೂ ಒಂದು ಕೋರಿಕೆ. ಶನಿವಾರ ಒಂದು ದಿನ ನಾಟಕವಾದ ಮೇಲೆ ನಿಮ್ಮ ಕ್ಯಾಂಟೀನನ್ನು ಹನ್ನೊಂದರವರೆಗೆ ತೆರೆದಿಡಿ. ಹನ್ನೊಂದರ ಮೇಲೆ ಬನಶಂಕರಿ, ಮೆಜೆಸ್ಟಿಕ್ ಕಡೆಗೆ ಒಂದೆರಡು ಬಸ್ ಬಿಟ್ಟರೆ ನನ್ನಂಥ ಒಂಟಿ ಹೆಂಗಸರೂ ಧೈರ್ಯವಾಗಿ ಕೂರಬಹುದು. ಅವತ್ತು ರಾತ್ರಿ ಒಂದೂವರೆಯ ರೈಲಿನಲ್ಲಿ ನ್ಯೂಯಾರ್ಕಿನಿಂದ ಜರ್ಸಿ ಸಿಟಿಗೆ ಬರುವಾಗ ನನ್ನ ಎದುರು ಇಬ್ಬರು ಅಜ್ಜಿಯರು ನಾಟಕದ ಪುಸ್ತಿಕೆ ಓದುತ್ತಾ ಕೂತಿದ್ದರು.

ಅಪ್ಪನ ಪೇಟಿ ನಮ್ಮ ಮನೆಯಲ್ಲೇ ಇದೆ. ಎರಡು ಸ್ವರ ಕೂತುಹೋಗಿದ್ದವು, ತಿದಿ ಹರಿದಿತ್ತು. ಊರಿಗೆ ಬಂದ ವಾರವೇ ರಿಪೇರಿಗೆ ಕೊಟ್ಟೆ, ಸಂಕ್ರಾಂತಿಗೆ ವಾಪಸ್ ಬಂತು. ನುಡಿಸಲು ನನಗೆ ಬರುತ್ತದೆ. ಯಾವುದಾದರೂ ರಂಗಮಂದಿರದವರು ಜಾಗ ಕೊಟ್ಟರೆ ಮುಂದಿನ ಶನಿವಾರವೇ ತರುತ್ತೇನೆ. ಹಾಡುವವರು ಕರಿ ಎರಡೋ ಬಿಳಿ ನಾಲ್ಕೋ ಹೇಳಿದರೆ ಸಾಕು.

ಇತಿ,
ಒಬ್ಬ ಪೇಟಿ ಮಾಸ್ತರರ ಮಗಳು,
ಹನುಮಂತನಗರ, ಬೆಂಗಳೂರು