ಅಕ್ಕನಿಗೆ ಮೊದಲ ಪ್ರತಿ

ಮಕ್ಕಳಿಗಾಗಿ ನಾನು ಬರೆದ ಚಿತ್ರಪುಸ್ತಕ ಬಂದಿದೆ. ಮೊನ್ನೆ ಸಂಜೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಬಂದ ಕಟ್ಟನ್ನು ಬಿಚ್ಚುವಾಗ ಕೈ ನಡುಗಿದ್ದು ಚಳಿಗಲ್ಲ. 32 ಪುಟ, 13 ಜೋಡಿಪುಟದ ಚಿತ್ರಗಳು, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಒಂದು ಸಂಸಾರ, ಒಂದು ಕೆಂದಳಿಲು. ನಾಲ್ಕು ವರ್ಷ ತಡವಾಯಿತು. ಕೊನೆಯ ವರ್ಷ ತಡವಾದದ್ದು ನನ್ನ ಯಜಮಾನರು ಆಸ್ಪತ್ರೆ ಸೇರಿದ್ದರಿಂದ, ಅದು ನಮ್ಮವರಿಗೆಲ್ಲ ಗೊತ್ತು. ಆಸ್ಪತ್ರೆಯ ಕಥೆಯನ್ನು ಮತ್ತೆ ಹೇಳುವುದಿಲ್ಲ. ಇವರು ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ, ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಜಗಳವಾಡುತ್ತಾರೆ.

ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದ ಮೈದುನನಿಗೆ, ಸಾಲ ಕೊಟ್ಟು ಇಂದಿನವರೆಗೂ ಕೇಳದ ಗೆಳತಿಗೆ, ತನ್ನ ನಲಿ-ಕಲಿ ತರಗತಿಯ ಪುಟ್ಟ ಮಕ್ಕಳ ನಡುವೆ ನನ್ನನ್ನು ನೆಲದ ಮೇಲೆ ಕೂರಿಸಿ ಕರಡನ್ನು ಓದಿಸಿದ ಶಿಕ್ಷಕಿಗೆ ನನ್ನ ನಮಸ್ಕಾರ. ಮುದ್ರಣಾಲಯದ ಹಿರಿಯರಿಗೂ. ನಾನು 34 ಪುಟದ ಕಥೆ ಹಿಡಿದು ಹೋದಾಗ ಅವರು ನನ್ನೆದುರೇ ದೊಡ್ಡ ಹಾಳೆಯೊಂದನ್ನು ಮಡಚಿ ತೋರಿಸಿದರು: ಒಂದು ಹಾಳೆಗೆ 16 ಪುಟ, ಎರಡಕ್ಕೆ 32. "ಉಳಿದ ಎರಡು ಪುಟ ನೀವೇ ಕಡಿಯಿರಿ, ಕಾಗದ ಯಾರ ಮಾತನ್ನೂ ಕೇಳುವುದಿಲ್ಲ" ಎಂದರು.

ಇನ್ನು ಅಕ್ಕ. ಪಕ್ಕದ ಮನೆಯವಳು. ಹೆಸರು ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ, ಆದ್ದರಿಂದ ಬರೀ ಅಕ್ಕ.

ಪುಷ್ಯ ಮಳೆಯ ಒಂದು ದಿನ, ಒಂದೇ ರಾತ್ರಿಯ ಮಟ್ಟಿಗೆ, ಬಟ್ಟೆ ಒಯ್ಯಲೆಂದು ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ. ವಾರದಿಂದ ಬೀಗ ಹಾಕಿದ್ದ ಮನೆ. ಕೋತಿಗಳು ಹೆಂಚು ಸರಿಸಿ ಹೋಗಿದ್ದವು. ಸೋರಿದ ನೀರು ಬೇರೆಲ್ಲೂ ಬೀಳದೆ ನೇರವಾಗಿ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. 13 ಚಿತ್ರಗಳಲ್ಲಿ 11 ತೊಯ್ದಿದ್ದವು. ಜಲವರ್ಣಕ್ಕೆ ನೀರೇ ತಾಯಿ, ನೀರೇ ಮಾರಿ. ಕಾಡಿನ ಹಸಿರು ಆಕಾಶಕ್ಕೆ ಹರಿದಿತ್ತು, ಹಾಳೆಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಕರೆಂಟು ಇರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಅದನ್ನು ನೋಡಿದಾಗ ನನಗೆ ಅಳುವೂ ಬರಲಿಲ್ಲ. ಪತ್ರೊಡೆ ಕೊಡಲು ಬಂದ ಅಕ್ಕನಿಗೆ, "ಇವನ್ನೆಲ್ಲ ಬಚ್ಚಲೊಲೆಗೆ ಹಾಕಿಬಿಡು, ನೀರಾದರೂ ಕಾಯಲಿ" ಎಂದೆ.

ಒಲೆಗೆ ಬೆಂಕಿಯನ್ನೇನೋ ಅವಳು ಹಾಕಿದಳು. ಆಮೇಲೆ ಉರಿಯುವ ಕೊಳ್ಳಿಗಳನ್ನೆಲ್ಲ ಹೊರಗೆಳೆದು ಬರೀ ಕೆಂಡ ಉಳಿಸಿದಳು. ಬೇಯಿಸಿದ ಅಡಿಕೆಯನ್ನು ಮಳೆಯಲ್ಲಿ ಒಣಗಿಸಿ ಪಳಗಿದ ಕೈ ಅದು. ಉರಿ ಜೋರಾದರೆ ಹೊರಗೆ ಗಟ್ಟಿ, ಒಳಗೆ ಹಸಿ ಎಂದು ಅವಳಿಗೆ ಗೊತ್ತು. ನಮ್ಮ ಮನೆಯ ಹಳೆಯ ಪಂಚೆಗಳನ್ನೆಲ್ಲ ಹರಿದು ಒಂದು ಹಾಳೆ, ಒಂದು ಬಟ್ಟೆ, ಒಂದು ಹಾಳೆ, ಒಂದು ಬಟ್ಟೆ ಎಂದು ಪೇರಿಸಿದಳು. ಮೇಲೊಂದು ಮಣೆ, ಅದರ ಮೇಲೆ ಅರೆಯುವ ಕಲ್ಲು. ಗಂಟೆಗೊಮ್ಮೆ ಬಿಚ್ಚಿ, ತೇವ ಹೀರಿದ ಬಟ್ಟೆಯನ್ನು ಕೆಂಡದ ಮೇಲೆ ಹಿಡಿದು ಒಣಗಿಸಿ ಮತ್ತೆ ಪೇರಿಸುವುದು. "ಚಿತ್ರವನ್ನು ಒಣಗಿಸಬಾರದು, ಬಟ್ಟೆಯನ್ನು ಒಣಗಿಸಬೇಕು" ಎಂದಳು. ಆ ರಾತ್ರಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಇನ್ನೊಂದು ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿಲ್ಲ. ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ದಣಪೆಯ, ಅಂದರೆ ಬೇಲಿಯಲ್ಲಿ ಗಳುಗಳನ್ನು ಅಡ್ಡವಿಟ್ಟ ಬಾಗಿಲಿನ, ಹತ್ತಿರ ಮಾತ್ರ. ಆಸ್ಪತ್ರೆಯಿಂದ ಏನಾದರೂ ಬಂದಿದೆಯೇ ಎಂದು ಅಲ್ಲಿಗೆ ಹೋಗಿ ನೋಡಬೇಕು. ನನಗೆ ಆಗಲಿಲ್ಲ. ಹೆದರಿಕೆ ಎಂದರೆ ಹೆದರಿಕೆ, ಕಾಲು ಏಳಲಿಲ್ಲ. ಕೇಳದೆಯೇ ಅಕ್ಕ ನನ್ನ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಕೊಪ್ಪೆ ಹೊದ್ದು, ಆ ಮಳೆಯಲ್ಲಿ ದಣಪೆಗೆ ಹೋಗಿ ಬಂದಳು. ಬಂದು "ಏನೂ ಬಂದಿಲ್ಲ" ಎಂದಳು. ಗಂಟೆಗೊಮ್ಮೆ ಬಟ್ಟೆ, ಗಂಟೆಗೊಮ್ಮೆ ದಣಪೆ. ಬೆಳಗಿನವರೆಗೆ ಏಳು ಸಲ. ಧೈರ್ಯ ತಂದುಕೋ ಎಂದು ಒಮ್ಮೆಯಾದರೂ ಹೇಳಿದ್ದರೆ ನಾನು ಅವಳ ಮೇಲೆ ಕೂಗಾಡುತ್ತಿದ್ದೆನೇನೋ.

ಅಂದಿನವರೆಗೆ ನನ್ನ ಕಥೆ ಬೇರೆಯೇ ಇತ್ತು. ಹಾರಲಾರದ ಮಂಗಟ್ಟೆ ಮರಿ, ಕೆಳಗೆ ನಿಂತು "ಬಿಡಬೇಡ, ಇನ್ನೊಮ್ಮೆ!" ಎಂದು ಕೂಗುವ ಕೆಂದಳಿಲು. ಆ ಕೂಗು ನಾಲ್ಕು ಪುಟಗಳಲ್ಲಿತ್ತು. ಛಲ ಮತ್ತು ಸ್ನೇಹದ ಬಗ್ಗೆ ಮಕ್ಕಳಿಗೆ ಬರೆಯುವವರು ಬಹುಪಾಲು ಹೀಗೆಯೇ ಬರೆಯುತ್ತೇವೆ. ಗೆಳೆಯನೆಂದರೆ ಚಪ್ಪಾಳೆ ತಟ್ಟುವವನು. ಇವರು ಮನೆಗೆ ಬಂದ ಮೇಲೆ ಆ ಮಾತುಗಳನ್ನೆಲ್ಲ ಹೊಡೆದುಹಾಕಿ ಕಥೆಯನ್ನು ಗೂಡಿಗೇ ತಂದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ವಾರಗಟ್ಟಲೆ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಕೊಡುತ್ತದೆ. ನನ್ನ ಪುಸ್ತಕದಲ್ಲಿ ಗಂಡಿನ ರೆಕ್ಕೆಗೆ ಪೆಟ್ಟಾದ ದಿನಗಳಲ್ಲಿ ಕೆಂದಳಿಲು ಹಣ್ಣು ತರುತ್ತದೆ. ಕಾಡಿನಲ್ಲಿ ಹಾಗೆ ನಡೆಯುವುದಿಲ್ಲ, ಅದು ಕಥೆಗಾರ್ತಿಯ ಸ್ವಾತಂತ್ರ್ಯ. ಅಳಿಲಿಗೆ ಒಂದೇ ಒಂದು ಮಾತೂ ಇಲ್ಲ.

ನಲಿ-ಕಲಿ ತರಗತಿಯಲ್ಲಿ ಇದನ್ನು ಓದಿದಾಗ ಒಬ್ಬ ಹುಡುಗ, "ಯಾರೂ ಬಾರದಿದ್ದರೆ?" ಎಂದು ಕೇಳಿದ. ಉತ್ತರ ಹೊಳೆಯದೆ ಪುಟ ತಿರುಗಿಸಿದೆ. ಅವನು ಮತ್ತೆ ಹಿಂದಕ್ಕೆ ತಿರುಗಿಸಿ ಆ ಸೀಳಿನ ಮೇಲೆ ಬೆರಳಿಟ್ಟು ಕುಳಿತ.

ತೊಯ್ದ 11ರಲ್ಲಿ ಒಂಬತ್ತನ್ನು ಮತ್ತೆ ಬರೆದೆ. ಎರಡು ಹಾಗೆಯೇ ಇವೆ. 20-21ನೇ ಪುಟದಲ್ಲಿ ಹಸಿರು ಆಕಾಶಕ್ಕೆ ಹರಿದದ್ದು ನಿಮಗೆ ಕಾಣುತ್ತದೆ. ಮುದ್ರಣದ ದೋಷವೆಂದು ಯಾರೂ ಫೋನು ಮಾಡಬೇಡಿ, ಅದು ನಮ್ಮ ಮನೆಯ ಮಳೆ.

ಮೊದಲ ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಜಗುಲಿಯ ಮೇಲೆ ಕುಳಿತು ಒಂದೊಂದೇ ಪುಟ ನೋಡಿದಳು. 20ನೇ ಪುಟದಲ್ಲಿ ನಿಂತಳು. ನನ್ನ ಕಣ್ಣು ಆಗಲೇ ತುಂಬಿತ್ತು.

"ಇದು ಅತ್ತಿ ಮರವೇ?" ಎಂದಳು.

ಹೌದು ಎಂದೆ.

"ಅತ್ತಿ ಹಣ್ಣು ಕಾಂಡಕ್ಕೇ ಗೊಂಚಲಾಗಿ ಅಂಟಿಕೊಂಡಿರುತ್ತದೆ. ನೀನು ಕೊಂಬೆಯ ತುದಿಗೆ, ಮಾವಿನಕಾಯಿಯ ಹಾಗೆ ತೂಗುಬಿಟ್ಟಿದ್ದೀಯ. ಆ ರಾತ್ರಿಯೇ ನೋಡಿದ್ದೆ. ಹೇಳುವ ಹೊತ್ತಾಗಿರಲಿಲ್ಲ."

ಎರಡನೆಯ ಮುದ್ರಣ ಬಂದರೆ ತಿದ್ದುತ್ತೇನೆ ಅಕ್ಕ.